ಕುಂಕುಮ ಇಟ್ಟ ಡಬ್ಬ

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದಾಗ ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಇಪ್ಪತ್ತಾರು ದಾಟಿತ್ತು. ಮದುವೆಯಾಗಿರಲಿಲ್ಲ. ಜೊತೆಗೆ ಬಂದಿರಲು ತಾಯಿಯೂ ಇರಲಿಲ್ಲ. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ, ಮುಂದೊಂದು ಜಗುಲಿ. ಒಂಟಿ ಹೆಂಗಸು ಬಾಡಿಗೆ ಮನೆಯ ಬೀಗ ತೆಗೆದರೆ ಅವಳ ಟ್ರಂಕಿನಲ್ಲಿ ಏನಿದೆ ಎನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ನಮ್ಮ ಬೀದಿಗೆ ಇದ್ದದ್ದು ಒಂದೇ ಅಂಗಡಿ. ನಾನು ಕೊಂಡದ್ದನ್ನೆಲ್ಲ ಅಂಗಡಿಯಾತ ಮುಂದಿನ ಗಿರಾಕಿಗೆ ವರದಿ ಒಪ್ಪಿಸುತ್ತಿದ್ದ. ಒಮ್ಮೆ ಮಾಮೂಲಿ ಸೋಪು ಸಿಗದೆ ವಾಸನೆ ಸೋಪು ತಂದೆ. ಸಂಜೆ ಬಾವಿಕಟ್ಟೆಯಲ್ಲಿ ಒಬ್ಬಳು, "ಏನ್ ಟೀಚರಮ್ಮ, ವಾಸ್ನೆ ಸೋಪ್ ತಗಂಡ್ರಂತೆ! ಗಂಡಿನ್ ಕಡೇರು ಬತ್ತಾವ್ರಾ?" ಎಂದಳು. ಎಲ್ಲರೂ ನಕ್ಕರು. ನನಗೋ ಮೂಗಿನ ತುದಿಯಲ್ಲೇ ಕೋಪ. "ನಾನು ಯಾವ ಸೋಪಲ್ಲಿ ಮೈ ತೊಳ್ಕೊಂಡ್ರೆ ನಿಮಗೇನ್ರಮ್ಮ? ನಿಮ್ಮನೆ ಡಬ್ಬಗಳನ್ನ ನಾನು ಬಂದು ಎಣಿಸ್ತೀನಾ?" ಎಂದುಬಿಟ್ಟೆ. ಆಮೇಲೆ ಯಾರೂ ತಮಾಷೆಗೂ ಮಾತಾಡಿಸಲಿಲ್ಲ. ನಾನೂ ಬಿಗಿದುಕೊಂಡೆ. ತಿಂಗಳಿಗೆ ಬೇಕಾದ ಹತ್ತಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲವನ್ನೂ ದೊಡ್ಡಬಳ್ಳಾಪುರದಿಂದಲೇ, ಪೇಪರಿನಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟು ತರತೊಡಗಿದೆ.

ನನ್ನ ಸಿಡುಕಿಗೆ ಹೆದರದವಳು ಒಬ್ಬಳೇ, ಪಕ್ಕದ ಮನೆಯ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದ, ಮಗಳು ನನ್ನ ಮೂರನೇ ಕ್ಲಾಸಿನಲ್ಲಿದ್ದಳು. ಸಂಜೆಯಾದರೆ ಮೊರದ ತುಂಬ ಅವರೆಕಾಯಿ ಹಿಡಿದು ನನ್ನ ಜಗುಲಿಗೆ ಬರುವಳು. "ಒಬ್ರೇ ಕುಂತು ಏನ್ ಮಾಡ್ತೀರ, ಸುಲೀರಿ" ಎಂದು ಅರ್ಧ ನನ್ನ ಮುಂದೆ ಸುರಿಯುವಳು. ತಮ್ಮ ಹೊಲದ ಹುಚ್ಚೆಳ್ಳು ಗಾಣಕ್ಕೆ ಹಾಕಿಸಿದಾಗ ನನ್ನ ಬಾಟಲಿಗೂ ಎಣ್ಣೆ ತುಂಬಿಸಿ ಕೊಡುವಳು.

ಉಪದೇಶ ನನ್ನ ಕಸುಬಲ್ಲವೇ? ಅವಳಿಗೆ ಎಲ್ಲವನ್ನೂ ಹೇಳುತ್ತಿದ್ದೆ. ಉರಿಯುವ ಸ್ಟೌವಿಗೆ ಸೀಮೆಎಣ್ಣೆ ಸುರಿಯಬೇಡ, ತಿಗಣೆ ಔಷಧಿಯನ್ನು ಉಪ್ಪಿನ ಪಕ್ಕ ಇಡಬೇಡ, ಸಂತೆಯಲ್ಲಿ ಚೀಟಿಯಿಲ್ಲದ ಮುಲಾಮು ಕೊಳ್ಳಬೇಡ. "ಆಯ್ತು ಬುಡಿ ಟೀಚರಮ್ಮ, ನೀವೊಳ್ಳೆ ನಮ್ಮತ್ತೆ ಆದ್ರಿ" ಎಂದು ನಗುವಳು. ನಿಜ ಹೇಳಬೇಕೆಂದರೆ ಅವಳು ಕಲಿಯಲಿ ಎನ್ನುವುದಕ್ಕಿಂತ ನಾಳೆಯೂ ಬರಲಿ ಎನ್ನುವುದೇ ನನ್ನ ಆಸೆಯಾಗಿತ್ತು. ಅವಳು ಬಾರದ ಸಂಜೆ ನಾನು ಹಿತ್ತಲಿನ ದಾಸವಾಳದ ಗಿಡದೊಂದಿಗೆ ಮಾತಾಡಿದ್ದೂ ಉಂಟು.

ಒಂದು ಭಾನುವಾರ ಹಿದಕಿದ ಅವರೆಬೇಳೆ ಸಾರು ಮಾಡಿ ನನ್ನನ್ನು ಊಟಕ್ಕೆ ಕರೆದಳು. ಆ ಊರಿನಲ್ಲಿ ಒಂದು ಮನೆಯ ಒಳಗೆ ಕೂತು ಉಂಡದ್ದು ಅದೇ ಮೊದಲು. ಮುದ್ದೆ ಮುರಿಯುತ್ತಾ ತಲೆ ಎತ್ತಿದೆ. ಒಲೆಯ ಮೇಲಿನ ಹಲಗೆಯಲ್ಲಿ ಥಳಥಳ ಹೊಳೆಯುವ ಡಬ್ಬ, ಮೈಮೇಲೆ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಎರಡು ಮೂಳೆ, ಒಂದು ತಲೆಬುರುಡೆ. ಬುರುಡೆಯ ಹಣೆಗೆ ದುಂಡಗೆ ಕುಂಕುಮ ಇಟ್ಟಿತ್ತು.

"ಅದರಲ್ಲಿ ಏನಿದೆ ಅಕ್ಕಾ?"

"ಎಣ್ಣೆ ಕಣ್ರಮ್ಮ, ನಿಮ್ಗೂ ಅದ್ರಾಗಿಂದೇ ಕೊಡಾದು. ತೋಟದ ಔಷ್ದಿ ಡಬ್ಬ. ಮುಚ್ಳ ಎಷ್ಟ್ ಗಟ್ಟಿ ಅಂತೀರಾ, ಇರುವೆ ಕೂಡ ನುಗ್ಗಾಕಿಲ್ಲ!" ನನ್ನ ಮುಖ ನೋಡಿ ಅವಳೇ ಮುಂದುವರಿಸಿದಳು, "ಅಂಗೇ ಇಕ್ಕಂಡಿಲ್ಲ ಬುಡಿ. ಹುಣ್ಸೆಹಣ್ಣು, ಬೂದಿ ಹಾಕಿ ತಿಕ್ಕಿ, ಮೂರ್ ದಿನ ಬಿಸ್ಲಿಗಿಟ್ಟು, ಅರಿಸ್ನದ ನೀರು ಚಿಮ್ಕಿಸಿ, ಕುಂಕುಮ ಇಕ್ಕಿ ಒಳೀಕ್ ತಂದಿವ್ನಿ. ಇನ್ನೇನ್ ಮೈಲ್ಗೆ ಉಳೀತದೆ?"

ಅವಳು ವಿಷವನ್ನು ಮೈಲಿಗೆಯಂತೆ ತೊಳೆದಿದ್ದಳು. ಡಬ್ಬದ ಬೆಸುಗೆಯೊಳಗೆ ಇಳಿದ ವಿಷ ಬೂದಿಗೂ ಬಗ್ಗುವುದಿಲ್ಲ, ಕುಂಕುಮಕ್ಕೂ ಬಗ್ಗುವುದಿಲ್ಲ. ನನಗೆ ಅದು ಗೊತ್ತಿತ್ತು. ಬಾಯಿ ತೆರೆದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಾ, "ನಮ್ಮನೇಗೆ ಟೀಚರು ಉಣ್ಣಾಕ್ ಬಂದವ್ರೆ ಅಂತ ಬೀದಿಗೆಲ್ಲ ಹೇಳಿವ್ನಿ" ಎಂದಳು. ಆ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ತಟ್ಟೆಯಲ್ಲಿದ್ದಷ್ಟನ್ನೂ ಉಂಡೆ. ಮನೆಗೆ ಬಂದು ನನ್ನ ಬಾಟಲಿಯ ಎಣ್ಣೆಯನ್ನೆಲ್ಲ ದಾಸವಾಳದ ಬುಡಕ್ಕೆ ಚೆಲ್ಲಿದೆ.

ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದು ಎಂಟು ದಿನ ಕಳೆದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುವ ಮಾತು ಹುಡುಕುತ್ತಿದ್ದೆ, ಸಿಗಲಿಲ್ಲ. ಹೇಳಿದರೆ ಅವಳು ಮುಖ ಮುರಿದುಕೊಂಡು ಹೋದಾಳು, ಸಂಜೆಯ ಜಗುಲಿ ಖಾಲಿಯಾದೀತು. ಅದೇ ಭಯ. ನಡುವೆ ಒಂದು ದಿನ ಅವಳ ಮಗಳು ಕ್ಲಾಸಿನಲ್ಲಿ ವಾಂತಿ ಮಾಡಿಕೊಂಡಳು. ಪಿತ್ತವಿರಬೇಕು ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ಸುಳ್ಳು, ಎಂದುಕೊಳ್ಳಲು ಹೆಣಗಿದೆ. ಥೂ, ಎಂಥ ಹೆಂಗಸು ನಾನು!

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿದೆ. ಬೋರ್ಡಿನ ಮೇಲೆ ಬುರುಡೆ, ಮೂಳೆ ಬರೆದು, "ಈ ಗುರುತಿರೋ ಡಬ್ಬ ಎಷ್ಟು ತೊಳೆದರೂ ವಿಷವೇ. ಮನೆಗೆ ಹೋಗಿ ಹೇಳಿ" ಎಂದು ಪಾಠ ಮಾಡಿದೆ. ಯಾರ ಹೆಸರೂ ಇಲ್ಲ, ಯಾರಿಗೂ ನೋವಿಲ್ಲ ಎಂದು ನನ್ನ ಎಣಿಕೆ. ಅಕ್ಕನ ಮಗಳು ಖುಷಿಯಿಂದ ಎದ್ದು ನಿಂತಳು.

"ಟೀಚರ್, ನಮ್ಮನೇಲಿ ಐತೆ! ನಮ್ಮವ್ವ ಅದ್ಕೆ ಕುಂಕುಮ ಇಕ್ಕೈತೆ!"

ಕ್ಲಾಸೆಲ್ಲ ಹೋ ಎಂದು ನಕ್ಕಿತು. ಶಾಲೆ ಬಿಡುವ ಹೊತ್ತಿಗೆ ಅಂಗಡಿ ಮುಂದೆ ಮಾತು ಬೆಳೆದಿತ್ತು. ಅವಳು ಟೀಚರಿಗೆ ವಿಷದ ಎಣ್ಣೆ ಕೊಟ್ಟಳಂತೆ, ಬುರುಡೆಗೆ ಪೂಜೆ ಮಾಡುತ್ತಾಳಂತೆ. ನನ್ನ ಒಂದು ಸೋಪಿನ ಸುದ್ದಿಗೆ ಊರನ್ನೇ ಸುಟ್ಟುಬಿಡುವಷ್ಟು ಸಿಟ್ಟಾದವಳು ನಾನು. ಅವಳ ಅಡುಗೆಮನೆಯ ಹಲಗೆಯನ್ನೇ ಎತ್ತಿ ಬೀದಿಯಲ್ಲಿಟ್ಟಿದ್ದೆ.

ಸಂಜೆ ಅವಳು ಬಂದಳು, ಬರಿಗೈಯಲ್ಲಿ. ಜಗುಲಿ ಹತ್ತಲಿಲ್ಲ.

"ಕೂತ್ಕೋ ಅಕ್ಕಾ. ನಾನು ನಿನ್ನ ಹೆಸರು ಹೇಳಲಿಲ್ಲ..."

"ಊರ್ನೋರು ನಗಾಡ್ಲಿ ಬುಡಿ. ಅದ್ಕಲ್ಲ ನಾನ್ ಬಂದಿದ್ದು." ಹಿತ್ತಲಿನ ಕಡೆ ಕೈ ತೋರಿಸಿದಳು. "ದಾಸವಾಳದ ಬುಡ್ದಾಗೆ ಎಣ್ಣೆ ಚೆಲ್ಲಿರಾದು ಆಗ್ಲೇ ನೋಡಿದ್ದೆ. ನಮ್ಮನೇಲಿ ಉಂಡ ದಿನಾನೇ ಚೆಲ್ಲಿದ್ದು ತಾನೇ? ಬಾಟ್ಲಿ ಸೋರಿರಬೇಕು, ಕೈ ಜಾರಿರಬೇಕು ಅಂತ ಸುಮ್ಕಿದ್ದೆ. ಈಗ ಗೊತ್ತಾಯ್ತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ದು ನೀವು ಚೆಲ್ಕಂಡ್ರಿ ಟೀಚರಮ್ಮ. ನನ್ ಮಗೀಗೆ ಎಂಟ್ ದಿನ ಉಣ್ಣಾಕ್ ಬುಟ್ರಲ್ಲ!"

ಅವಳು ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಅವರ ಹಿತ್ತಲಿನಿಂದ ಹಾರೆಯ ಸದ್ದು ಕೇಳಿಸಿತು. ಡಬ್ಬಕ್ಕೆ ತೂತು ಹೊಡೆದು ಹೂಳುತ್ತಿದ್ದಳು.

ಹುಡುಗಿ ಚೆನ್ನಾಗಿಯೇ ಬೆಳೆದಳು, ದೇವರು ದೊಡ್ಡವನು. ಆಮೇಲೂ ಎರಡು ವರ್ಷ ನಾನು ಆ ಮನೆಯಲ್ಲೇ ಇದ್ದೆ. ಅಕ್ಕ ನನ್ನ ಜಗುಲಿಗೆ ಮತ್ತೆ ಕಾಲಿಡಲಿಲ್ಲ. ಆದರೆ ಮನೆಗೆ ಹೊಸ ಸೀಸೆ, ಪೊಟ್ಟಣ ಏನೇ ಬಂದರೂ ಮಗಳ ಕೈಯಲ್ಲಿ ಕೊಟ್ಟು, "ಓದಿಸ್ಕಂಡು ಬಾ" ಎಂದು ಕಳಿಸುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ, ಗೋಡೆಯ ಪಕ್ಕ ನಿಂತು, ಆಚೆ ಪಾತ್ರೆ ತಿಕ್ಕುವವಳಿಗೆ ಕೇಳಲಿ ಎಂದು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಓದಿ ಮುಗಿಸಿದ ಮೇಲೆ ಮತ್ತೆ ಶುರುವಾಗುತ್ತಿತ್ತು.