ಜೋಲಿ ಹಗ್ಗದ ಗೆರೆ

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಬಸ್ಸಿನ ಬೋರ್ಡು, ಗೊಬ್ಬರದ ಚೀಲದ ಮೇಲಿನ ಬರಹ, ಔಷಧಿಯ ಬಾಟಲಿಗೆ ಅಂಟಿಸಿದ ಚೀಟಿ, ಎಲ್ಲವೂ ನನ್ನ ಮುಂದೆಯೇ ಬರುತ್ತಿದ್ದವು. ನಾನು ಓದಿ ಹೇಳಿದ ಮೇಲೆ ಅಪ್ಪ ಮರುಮಾತಾಡುತ್ತಿರಲಿಲ್ಲ. "ಸಾಲಿ ಕಲತಾಕಿ ಹೇಳ್ಯಾಳಂದ್ರ ಖರೇನ ಇರ್ತೈತಿ" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ನನ್ನಂತೆಯೇ ಮನೆಯ ಮೊದಲ ಓದುಗರಾಗಿ ಬೆಳೆದವರಿಗೆ ಈ ಮಾತು ಎಷ್ಟು ಹಿತವೋ ಅಷ್ಟೇ ಭಾರ ಎಂಬುದು ಗೊತ್ತಿರುತ್ತದೆ. ನಾನು ಇಲ್ಲಿ ನೆನೆಯುತ್ತಿರುವುದು ಆರನೆಯ ತರಗತಿಯ ಒಂದು ಹಂಗಾಮನ್ನು, ದಸರೆಯಿಂದ ಎಳ್ಳಮಾವಾಸ್ಯೆಯವರೆಗಿನ ಎರಡೂವರೆ ತಿಂಗಳನ್ನು.

ನಮ್ಮದು ದೊಡವಾಡದ ಆಚೆಗಿನ ಸಣ್ಣ ಊರು. ಆ ವರ್ಷ ನಮ್ಮ ಶಾಲೆಗೆ ಚಿತ್ರಕಲೆಯ ಅತಿಥಿ ಶಿಕ್ಷಕಿಯೊಬ್ಬರು ಧಾರವಾಡದಿಂದ ವಾರಕ್ಕೆರಡು ದಿನ ಬಸ್ಸಿನಲ್ಲಿ ಬರತೊಡಗಿದರು. ಕಲಿಸುವ ಹೆಂಗಸರೆಲ್ಲರನ್ನೂ ಅಕ್ಕೋರು ಎನ್ನುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ ಅವರೂ ನಮಗೆ ಅಕ್ಕೋರೇ. ಮೊದಲ ದಿನವೇ ಅವರು ಚೀಲದಿಂದ ಕಂದು ಬಣ್ಣದ ಒಂದು ತುಂಡನ್ನು ತೆಗೆದು ನಮ್ಮ ಕೈಗಿತ್ತರು. ಅದು ಬಟ್ಟೆಯಂತೆ ಮಡಚುತ್ತಿತ್ತು. ಮೂಸಿದರೆ ಮಳೆಯಲ್ಲಿ ನೆನೆದ ಕಟ್ಟಿಗೆಯ ವಾಸನೆ.

"ಇದನ್ನ ಯಾರೂ ನೇಯ್ದಿಲ್ಲ" ಎಂದರು ಅಕ್ಕೋರು. "ಗಿಡದ ಒಳತೊಗಟಿ ಬಡದು ಬಡದು ಮಾಡಿದ್ದು. ಹಿಂದಕ ಋಷಿಗಳು ಉಡತಿದ್ರು ಅಂತ ಕೇಳೀರಲ್ಲ, ನಾರುಮಡಿ, ಅದ ಇದು."

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಾವಕ್ಕ ಅದನ್ನು ಮೊಣಕಾಲಿಗೆ ಉಜ್ಜಿ ನೋಡಿ, "ಯವ್ವಾ, ಋಷಿಗಳಿಗೆ ಮೈ ಚುಚ್ಚತಿರಲಿಲ್ಲೇನ್ರಿ?" ಎಂದು ಕೇಳಿದಳು. ಅಕ್ಕೋರೂ ನಕ್ಕರು.

ತೊಗಟೆಯನ್ನು ನಾವೇ ತರಬೇಕಿತ್ತು. ಆಲ, ಅತ್ತಿ, ಬಸರಿ, ಇವುಗಳಲ್ಲಿ ಯಾವುದಾದರೂ ಆಗಬಹುದು. ಆದರೆ ಸವರಿ ಹಾಕಿದ ಟೊಂಗೆಯಿಂದ ಮಾತ್ರ. ನಿಂತ ಗಿಡದ ಬೊಡ್ಡೆಗೆ ಕೈ ಹಚ್ಚಕೂಡದೆಂದು ಅಕ್ಕೋರು ಕಪ್ಪುಹಲಗೆಯ ಮೇಲೆ ಗಿಡ ಬರೆದು ತೋರಿಸಿದ್ದರು. "ಗಿಡದ ಊಟ ತೊಗಟಿಯೊಳಗಿಂದ ಹೋಗ್ತದ. ಸುತ್ತ ಸುಲದ್ರ ಗಿಡ ಉಪವಾಸ ಸಾಯ್ತದ. ತಿಳೀತೇನು?" ನಾನು ಆ ವಾಕ್ಯವನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಮೇಲಿನ ಒರಟು ಸಿಪ್ಪೆಯನ್ನು ಹೆರೆದು, ಒಳಗಿನ ಬಿಳಿ ತೊಗಟೆಯನ್ನು ನೆನೆಹಾಕಿ, ಹೊಲದಲ್ಲಿ ಹೆಂಟೆ ಒಡೆಯುವ ಕೊಡತಿಯಿಂದ ಶಾಲೆಯ ಕಲ್ಲುಕಟ್ಟೆಯ ಮೇಲೆ ಬಡಿಯುತ್ತಿದ್ದೆವು. ಬಡಿದಷ್ಟೂ ನಾರು ಅಗಲವಾಗುತ್ತಿತ್ತು. ಒಂದು ಗೇಣಿನದು ಎರಡು ಗೇಣಾಗುತ್ತಿತ್ತು. ಇಪ್ಪತ್ತು ಮಕ್ಕಳು ಒಟ್ಟಿಗೆ ಬಡಿಯುವಾಗ ಹಾದಿಯಲ್ಲಿ ಹೋಗುವವರು ನಿಂತು, "ಏನ್ರವಾ, ಸಾಲ್ಯಾಗ ರೊಟ್ಟಿ ಬಡ್ಯಾಕತ್ತೀರೇನು? ನಮಗೂ ಎರಡು ಇಡ್ರಿ" ಎನ್ನುತ್ತಿದ್ದರು. ಕೈ ನೋಯತೊಡಗಿದಾಗ ಕಟ್ಟೆಯಿಂದ ಇಳಿದು ಕುಂಟಬಿಲ್ಲೆ ಆಡುವುದು, ಡಬ್ಬಿ ಬಿಚ್ಚಿ ಶೇಂಗಾ ಹಿಂಡಿ ಹಚ್ಚಿದ ಸಜ್ಜೆರೊಟ್ಟಿ ತಿನ್ನುವುದು, ಮತ್ತೆ ಬಡಿಯುವುದು.

ಬಣ್ಣಗಳನ್ನೂ ನಾವೇ ಮಾಡಿದೆವು. ಹಳದಿಗೆ ಹಿಂದಿನ ವರ್ಷ ಒಣಗಿಸಿಟ್ಟ ಕುಸುಬೆಯ ಹೂವು, ಕಂದಿಗೆ ದಾಳಿಂಬೆಯ ಸಿಪ್ಪೆ, ಕೆಂಪಿಗೆ ಕಾಚು. ಕಪ್ಪಿಗೆ ಮಾತ್ರ ಬೇರೆ ಕ್ರಮ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಹದಿನೈದು ದಿನ ಕೊಳೆಸಬೇಕು. ಆ ಗಡಿಗೆಯನ್ನು ಇಟ್ಟ ಮೂಲೆಗೆ ಯಾರೂ ಹೋಗುತ್ತಿರಲಿಲ್ಲ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಬರುವ ಹುಳಿವಾಸನೆ ಶಾಲೆಗೇ ಬಂದು ಕುಳಿತಂತಿತ್ತು.

ಏನು ಬರೆಯಬೇಕೆಂಬುದೇ ದೊಡ್ಡ ತೊಡಕಾಯಿತು. "ಗಿಳಿ ಬ್ಯಾಡ, ಮನಿ ಬ್ಯಾಡ, ಎರಡು ಗುಡ್ಡದ ನಡುವಿನ ಸೂರ್ಯ ಅಂತೂ ಬ್ಯಾಡವೇ ಬ್ಯಾಡ" ಎಂದಿದ್ದರು ಅಕ್ಕೋರು.

"ಮತ್ತ ಏನ್ ತಗೀಬೇಕ್ರಿ?"

"ಬಣ್ಣಾನ ತಗೀರಿ. ಅದು ಎಲ್ಲಿ ನಿಲ್ತದ, ಎಲ್ಲಿ ಹರೀತದ, ಅದನ್ನ ನೋಡ್ರಿ."

"ಅಕ್ಕೋರ, ನಮ್ಮ ತಮ್ಮನೂ ಹಿಂಗ ತಗೀತಾನ್ರಿ, ಗ್ವಾಡಿ ಮ್ಯಾಲ" ಎಂದಳು ಸಾವಕ್ಕ. "ನಮ್ಮವ್ವ ಅವಗ ಬಡೀತಾಳ."

ಡಿಸೆಂಬರಿನಲ್ಲಿ ಬೈಲಹೊಂಗಲದಲ್ಲಿ ಶಾಲಾ ಮಕ್ಕಳ ಪ್ರದರ್ಶನವಿತ್ತು. ಬಾಗಿಲಿನೆದುರಿನ ಗೋಡೆಗೆ ನಮ್ಮ ಶಾಲೆಯ ಒಂದೇ ಚಿತ್ರ ಹಾಕುವುದು, ಯಾರ ಬಟ್ಟೆ ಜೋಡಣೆಯಿಲ್ಲದೆ ಎಲ್ಲಕ್ಕಿಂತ ದೊಡ್ಡದೋ ಅವರದೇ ಎಂದು ನಿಶ್ಚಯವಾಯಿತು. ಆ ಚಿತ್ರದ ಬಗ್ಗೆ ಬಂದವರಿಗೆ ವಿವರಿಸುವ ಕೆಲಸವೂ ಅವರದೇ. ಸಾವಕ್ಕನ ಬಟ್ಟೆ ನಾಲ್ಕು ಗೇಣಿತ್ತು. ನನ್ನದು ಎರಡನ್ನೂ ಮುಟ್ಟಿರಲಿಲ್ಲ.

ನಮ್ಮ ಹೊಲದ ಬದುವಿನಲ್ಲಿ ಒಂದು ಬಸರಿ ಗಿಡವಿತ್ತು. ಪುಸ್ತಕದ ಪ್ರಕಾರ ಮರವೆನ್ನಬೇಕು. ನಮ್ಮಲ್ಲಿ ಎಷ್ಟೇ ಎತ್ತರಕ್ಕೆ ಬೆಳೆದರೂ ಅದು ಗಿಡವೇ. ಆಯಿ, ಅಂದರೆ ಅಪ್ಪನ ತಾಯಿ, ತನ್ನ ತವರು ಮುನವಳ್ಳಿಯಿಂದ ಹಸಿ ಗೂಟ ತಂದು ನೆಟ್ಟದ್ದು. ಅದರಿಂದ ಹತ್ತು ಹೆಜ್ಜೆಗೆ ಒಂದು ಬೇವು. ಸುಗ್ಗಿಯಲ್ಲಿ ಈ ಎರಡರ ನಡುವೆ ಹಗ್ಗ ಬಿಗಿದು, ಸೀರೆಯ ಜೋಲಿ ಕಟ್ಟಿ, ಕೂಸುಗಳನ್ನು ಮಲಗಿಸುತ್ತಿದ್ದರು. ನಾನೂ ನನ್ನ ತಮ್ಮನೂ ಅಲ್ಲಿಯೇ ಮಲಗಿದವರು. ಹಗ್ಗ ಉಜ್ಜಿ ಉಜ್ಜಿ ಬಸರಿಯ ಬೊಡ್ಡೆಯ ಮೇಲೆ ಓರೆಯಾದ ಒಂದು ಗಾಯ ಉಳಿದಿತ್ತು. ಪ್ರತಿ ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಿದ ನಂತರ ಆಯಿ ಕಡುಬು, ಪುಂಡಿಪಲ್ಯಗಳನ್ನು ಎಲ್ಲರಿಗೂ ಬಡಿಸುತ್ತಿದ್ದದ್ದು ಆ ಗಿಡದ ಬುಡದಲ್ಲಿ.

ಒಂದು ಭಾನುವಾರ ಅಪ್ಪ, ಅವ್ವ ಹೊಲದ ಆಚೆಯ ತುದಿಯಲ್ಲಿ ಹತ್ತಿ ಬಿಡಿಸುತ್ತಿದ್ದರು. ಆಯಿಗೆ ಆ ವರ್ಷ ಮೊಣಕಾಲು ನೋವು. ಹೊಲಕ್ಕೆ ಬರುವುದನ್ನೇ ಬಿಟ್ಟಿದ್ದಳು. ನಾನು ಕಳೆ ತೆಗೆಯುವ ಕುರುಪಿ ಹಿಡಿದು ಬಸರಿಯ ಬೊಡ್ಡೆಗೆ ಮೇಲೊಂದು, ಕೆಳಗೊಂದು ಗೀರು ಹಾಕಿದೆ. ಅರ್ಧ ಸುತ್ತು ಮಾತ್ರ ತೆಗೆಯಬೇಕೆಂದೇ ಮೊದಲು ಮಾಡಿದ್ದು. ತೆಗೆದೆ. ಮನಸ್ಸಿನಲ್ಲಿಯೇ ಬಡಿದು ಅಳೆದು ನೋಡಿದೆ. ಸಾವಕ್ಕನದಕ್ಕಿಂತ ಒಂದೂವರೆ ಗೇಣು ಕಡಿಮೆ. ಉಳಿದರ್ಧವನ್ನೂ ಎಬ್ಬಿಸಿದೆ. ಒದ್ದೆ ಬಟ್ಟೆ ಬಿಚ್ಚಿದ ಹಾಗೆ ಅದು ಒಂದೇ ತುಂಡಾಗಿ ಬಂತು. ಒಳಗೆ ಬೊಡ್ಡೆ ಬೆಳ್ಳಗೆ, ನುಣ್ಣಗೆ, ಆಗ ತಾನೇ ನೀರೆರೆದ ಕೂಸಿನ ಬೆನ್ನಿನಂತಿತ್ತು. ಆ ಬಿಳುಪನ್ನು ಕಂಡ ಮೇಲೆ ನನಗೆ ಹೆದರಿಕೆಯಾಯಿತು. ಗೋಣಿಚೀಲ ಸುತ್ತಿ ಹಗ್ಗ ಕಟ್ಟಿದೆ.

"ಚೀಲ ಯಾಕ ಕಟ್ಟೀದಿ?" ಎಂದು ಅಪ್ಪ ಸಂಜೆ ಕೇಳಿದರು.

"ಗೆದ್ದಲ ಹತ್ತೇತಪ್ಪಾ. ಸುಣ್ಣ ಹಚ್ಚಬೇಕಂತ ಸಾಲ್ಯಾಗ ಹೇಳ್ಯಾರ."

ಅಪ್ಪ ಮರುದಿನವೇ ಸುಣ್ಣ ಕಲಸಿ ದಪ್ಪಗೆ ಹಚ್ಚಿದರು. ನಾನು ಸುತ್ತಲೂ ಸುಲಿದದ್ದು ಅವರ ಕಣ್ಣಿಗೆ ಬಿದ್ದಿರಲೇಬೇಕು. ಗೆದ್ದಲು ತಿಂದ ತೊಗಟೆಯನ್ನು ಕೆತ್ತಿ ತೆಗೆದಿದ್ದಾಳೆಂದು ತಿಳಿದರು. ಎಂಟು ದಿನಕ್ಕೊಮ್ಮೆ ತಪ್ಪದೆ ಹಚ್ಚುತ್ತ ಬಂದರು. ಮನೆಯಲ್ಲಿ ಕುಳಿತಿದ್ದ ಆಯಿ ಇದನ್ನು ಕೇಳಿ, "ಹಸಿ ಮೈಗೆ ಸುಣ್ಣ ಹಚ್ಚತಾರೇನೋ? ಸುಡತೈತಿ. ಶೆಗಣಿ, ಕೆಮ್ಮಣ್ಣ ಮೆತ್ತಬೇಕು" ಎಂದಳು.

"ಸಾಲಿ ಕಲತಾಕಿ ಹೇಳ್ಯಾಳಬೇ" ಎಂದರು ಅಪ್ಪ. ಆಯಿ ನನ್ನ ಮುಖ ನೋಡಿದಳು. ನಾನು ಪುಸ್ತಕ ನೋಡಿದೆ.

ನನ್ನ ಬಟ್ಟೆ ಐದು ಗೇಣಾಯಿತು. "ಇಷ್ಟು ದಪ್ಪ ಟೊಂಗಿ ಎಲ್ಲಿತ್ತು?" ಎಂದು ಅಕ್ಕೋರು ಕೇಳಿದಾಗ ಗಾಳಿಗೆ ಮುರಿದು ಬಿದ್ದದ್ದೆಂದೆ. ಎಷ್ಟು ಬಡಿದರೂ ಆ ಹಗ್ಗದ ಗಾಯ ಮಾತ್ರ ಬಟ್ಟೆಯ ನಡುವೆ ಕಪ್ಪನೆಯ ಓರೆ ಗೆರೆಯಾಗಿ ಉಳಿಯಿತು. ಅದನ್ನು ಬಣ್ಣದಲ್ಲಿ ಮುಚ್ಚಲು ಹೋದಾಗ ಅಕ್ಕೋರು ನನ್ನ ಕೈ ಹಿಡಿದರು. "ಬಿಡು, ಅದು ತಾನ ಬಂದದ್ದು. ಅದರ ಆಚೀಚಿ ಹಚ್ಚು." ಹಾಗಾಗಿ ಗೆರೆಯ ಮೇಲ್ಗಡೆ ಕುಸುಬೆಯ ಹಳದಿ ಹರಿಯಿತು, ಕೆಳಗಡೆ ಮೊಳೆಯ ಕಪ್ಪು ನಿಂತಿತು.

ಪ್ರದರ್ಶನದ ದಿನ ಆಯಿ ಹಟ ಹಿಡಿದು ಬಂದಳು. ಮೊಮ್ಮಗಳ ಚಿತ್ರ ಬಾಗಿಲಿಗೆದುರು ತೂಗುತ್ತದೆಂದರೆ ಮೊಣಕಾಲಿನ ಮಾತನ್ನು ಯಾರು ಕೇಳುತ್ತಾರೆ! ಚಿತ್ರದ ಮುಂದೆ ಜನ ನಿಲ್ಲುತ್ತಿದ್ದರು, ತಲೆ ಓರೆ ಮಾಡುತ್ತಿದ್ದರು. ಒಬ್ಬರು ಮೋಡವೆಂದರು, ಒಬ್ಬರು ಹೋಳಿಗೆ ಸೀದದ್ದೆಂದರು. ಕೋಟು ಹಾಕಿದ ಸಾಹೇಬರೊಬ್ಬರು, "ಇದೇನವಾ ತಂಗಿ?" ಎಂದು ಕೇಳಿದರು. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: "ಇದು ಯಾವ ವಸ್ತುವಿನ ಚಿತ್ರವೂ ಅಲ್ಲ. ಇದರಲ್ಲಿ ಬಣ್ಣಗಳು ಮಾತ್ರ ಇವೆ."

ನನ್ನ ಹಿಂದೆ ನಿಂತಿದ್ದ ಆಯಿ ಮುಂದೆ ಬಂದಳು. ಅವಳು ಬಣ್ಣವನ್ನು ನೋಡುತ್ತಿರಲಿಲ್ಲ. ನಡುವಿನ ಗೆರೆಯ ಮೇಲೆ ಬೆರಳಿಟ್ಟು, ಈ ತುದಿಯಿಂದ ಆ ತುದಿಯವರೆಗೆ ಎಳೆದಳು.

"ಇದು ನಮ್ಮ ಬಸರಿ ಗಿಡ" ಎಂದಳು.

"ಭೇಷ್, ಅಜ್ಜಿ!" ಸಾಹೇಬರಿಗೆ ಸಂತೋಷವಾಯಿತು. "ನಿಮಗ ಗಿಡ ಕಂಡಂಗ ಆತು, ಹೌದಿಲ್ಲೋ?"

"ಕಂಡಂಗಲ್ಲರಿ. ಅದ ಐತಿ."

ಸಾಹೇಬರು ನಗುತ್ತ ಮುಂದಿನ ಗೋಡೆಗೆ ಹೋದರು. ಆಯಿ ಬಟ್ಟೆಯ ಅಂಚಿಗೆ ಗೇಣು ಹಚ್ಚಿ ಅಳೆದಳು. ಒಂದು, ಎರಡು, ಮೂರು, ನಾಲ್ಕು, ಐದು.

ಬಸ್ಸು ಊರು ಬಿಟ್ಟ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ಸುತ್ತ ಸುಲದೀಯೇನ, ಗಂಗಿ?"

"ಹೂಂ."

"ಗೆದ್ದಲ?"

"ಇರಲಿಲ್ಲ."

"ಸುಣ್ಣ ಯಾರ ಹೇಳಿದ್ರು?"

"ಯಾರೂ ಇಲ್ಲ."

ಸ್ವಲ್ಪ ದೂರ ಹೋದ ಮೇಲೆ, "ನಿಮ್ಮಪ್ಪಗ ನಾ ಹೇಳಾಂಗಿಲ್ಲ. ನೀನ ಹೇಳು" ಎಂದಳು.

ಮರುದಿನ ಕೋಲೂರಿಕೊಂಡು ಹೊಲಕ್ಕೆ ಹೋದ ಆಯಿ, ಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಸೆಗಣಿ, ಕೆಮ್ಮಣ್ಣು ಕಲಸಿ ಮೆತ್ತಿ, ತನ್ನ ಹಳೆಯ ಸೀರೆಯನ್ನು ಸುತ್ತಿದಳು. ಅಪ್ಪ ಕಾರಣ ಕೇಳಿದರೆ, "ಸುಮ್ನ ನೀರ ಹಾಕು" ಎಂದಳಂತೆ. ನಾನು ಹೇಳಲು ಹನ್ನೊಂದು ದಿನ ತೆಗೆದುಕೊಂಡೆ. ಎಳ್ಳಮಾವಾಸ್ಯೆಯ ದಿನ ಊಟವಾಗಿ ಎಲ್ಲರೂ ಅದೇ ಗಿಡದ ಬುಡದಲ್ಲಿ ಕುಳಿತಿದ್ದಾಗ ಹೇಳಿದೆ. ಅಪ್ಪ ಬಯ್ಯುತ್ತಾರೆಂದು ಕಾದೆ. ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಸುಣ್ಣ ನಾನ ಹಚ್ಚೇನಲ್ಲವಾ" ಎಂದಷ್ಟೇ ಹೇಳಿದರು.

ಬೇಸಿಗೆಯ ಮೊದಲಿಗೆ ಬಸರಿ ಒಮ್ಮೆ ಚಿಗುರಿತು. ತೆಳುಗೆಂಪು ಎಲೆಗಳು ಬಂದವು, ನಾವೆಲ್ಲ ನಂಬಿದೆವು. ಅದರ ಮರುವರ್ಷ ಚಿಗುರಲಿಲ್ಲ.

ಈಗ ಆಯಿ ಇಲ್ಲ. ಆ ಬಟ್ಟೆ ಅವಳ ಟ್ರಂಕಿನಲ್ಲಿದೆ. ಕುಸುಬೆಯ ಹಳದಿ ಪೂರ್ತಿ ಹಾರಿಹೋಗಿದೆ, ಕಪ್ಪು ಕಂದಾಗಿದೆ, ಹಗ್ಗದ ಗೆರೆ ಇದ್ದ ಹಾಗೆಯೇ ಇದೆ. ಧಾರವಾಡದಲ್ಲಿ ಪದವಿ ಓದುವಾಗ ಒಮ್ಮೆ ಇಂಥದೇ ನಾರುಬಟ್ಟೆಯ ಚಿತ್ರಗಳ ಪ್ರದರ್ಶನಕ್ಕೆ ಗೆಳತಿಯರು ಕರೆದೊಯ್ದಿದ್ದರು. ಅವರು ಬಣ್ಣಗಳ ಬಗ್ಗೆ ಮಾತನಾಡುತ್ತಿದ್ದಾಗ ನಾನು ಒಂದೊಂದರ ಅಗಲಕ್ಕೂ ಗೇಣು ಹಚ್ಚುತ್ತಿದ್ದೆ. ಹೊಲದಲ್ಲಿ ಬೇವೊಂದೇ ಉಳಿದಿದೆ. ಜೋಲಿ ಕಟ್ಟಲು ಎರಡು ಗಿಡ ಬೇಕು. ತಮ್ಮನ ಮಗಳು ಸುಗ್ಗಿಯಲ್ಲಿ ಟ್ರ್ಯಾಕ್ಟರಿನ ನೆರಳಿನಲ್ಲಿ ಮಲಗುತ್ತಾಳೆ.

ಅಪ್ಪ ಇಂದಿಗೂ ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ. ಮೊನ್ನೆ ಕಡಲೆಗೆ ಹೊಡೆಯುವ ಔಷಧಿಯ ಡಬ್ಬಿಯನ್ನು ಕೈಗಿತ್ತು, ಎಷ್ಟು ನೀರಿಗೆ ಎಷ್ಟು ಹಾಕಬೇಕೆಂದರು. ಹೇಳಿದೆ. ಟವೆಲ್ಲು ಕೊಡವಿ ಏಳಲಿಲ್ಲ. ಕೋಪವಿಲ್ಲದೆ, ಬಹಳ ವರ್ಷಗಳಿಂದ ರೂಢಿಯಾದ ದನಿಯಲ್ಲಿ ಕೇಳಿದರು:

"ಓದಿ ಹೇಳಾಕತ್ತೀಯೋ, ಹಂಗ ಸುಮ್ನ ಹೇಳಾಕತ್ತೀಯೋ?"

ನಾನು ಡಬ್ಬಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದೆ.