ಬೋನಾಳದ ಗೇಟಿನ ಸರಳು

ಬೋನಾಳದ ಗೇಟಿನಾಚೆ ಕಾಲುವೆಯ ನೀರು ನಿಲ್ಲಲು ದೇವಕಮ್ಮನೇ ಕಾರಣ ಎಂದು ಗೊತ್ತಾದ ದಿನದಿಂದ ತವರೂರಿನಲ್ಲಿ ಅವಳಿಗೆ ಒಂದು ಚರಿಗೆ ನೀರು ಕೊಡುವವರೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಹಲ್ಲು ಕಡಿದವನು ಒಡಹುಟ್ಟಿದ ಅಣ್ಣ ಪರಮಣ್ಣ. ಅವನ ನೆಲ್ಲು ತೆನೆ ಕಟ್ಟುವ ಹೊತ್ತಿಗೇ ಕಾಲುವೆ ಬತ್ತಿತ್ತು.

ದೇವಕಮ್ಮ ಯಾದಗಿರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುತ್ತಿದ್ದಳು. ತುಕ್ಕು ಕಬ್ಬಿಣದಲ್ಲಿ ಕುಳಿ ಕೊರೆಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಅವಳ ಸಂಶೋಧನೆ. ಬೋನಾಳದ ಕಾಲುವೆಯ ಗೇಟನ್ನು ಎತ್ತಿ ಹಿಡಿಯುವ ಸರಳಿನ ತುಂಬ ಜೋಳದ ಕಾಳಿನಂಥ ಕುಳಿಗಳಿದ್ದವು. ಅವನ್ನು ಅಳೆದು ತಂದಳು. ಪರದೆಯ ಮೇಲೆ ಆ ಸರಳನ್ನು ಸಾವಿರಾರು ಚೂರು ಮಾಡಿ, ಒಂದೊಂದು ಚೂರನ್ನೂ ನೀರು ಎಷ್ಟು ತಿನ್ನುತ್ತದೆ, ಗೇಟಿನ ಭಾರ ಎಷ್ಟು ಜಗ್ಗುತ್ತದೆ ಎಂದು ನೋಡಿದಳು. ಜಗ್ಗಾಟವೆಲ್ಲ ಕುಳಿಯ ತಳಕ್ಕೆ ಬಂದು ಸೇರುತ್ತಿತ್ತು. ಜಗ್ಗಿದಲ್ಲೇ ತುಕ್ಕು ಬೇಗ ತಿನ್ನುತ್ತಿತ್ತು. ಮೇಲುಗಡೆ, ಕೀಲಿನ ಹತ್ತಿರದ ಒಂದು ಸಣ್ಣ ಕುಳಿ ಪರದೆಯ ಮೇಲೆ ಕೆಂಪಾಗುತ್ತಲೇ ಹೋಯಿತು; ಸರಳು ಮೊದಲು ಮುರಿಯುವುದು ಅಲ್ಲೇ. ಅವಳು ನೀರಾವರಿಯವರಿಗೆ ತಿಳಿಸಿದಳು. ಅವರು ಹೆದರಿ ನೀರು ನಿಲ್ಲಿಸಿದರು. ಯಾರ ಮಾತು ಕೇಳಿ ನಿಲ್ಲಿಸಿದೆವೆಂದು ಊರಿಗೂ ಹೇಳಿಬಿಟ್ಟರು.

ಸರಳು ಬದಲಿಸುವ ದಿನ ಊರಿಗೆ ಊರೇ ದಂಡೆಯ ಮೇಲೆ, ಬಿಚ್ಚಿ ಇಟ್ಟ ಹಳೆಯ ಸರಳಿನ ಸುತ್ತ ನಿಂತಿತ್ತು.

“ಟಿವಿಯೊಳಗ ತುಕ್ಕು ಹಿಡೀತಂತ ನಮ್ಮ ಹೊಲ ಒಣಗಿಸಿದಿ,” ಎಂದ ಪರಮಣ್ಣ. ವೆಲ್ಡಿಂಗ್ ಅಂಗಡಿಯ ಮಸ್ತಾನಸಾಬನ ಕಡೆ ತಿರುಗಿ, “ಆ ದೊಡ್ಡ ತೂತು ಕೊಯ್ಯಿ. ಒಳಗ ಏನೈತಿ ಎಲ್ಲಾರೂ ನೋಡ್ಲಿ,” ಎಂದ.

“ಅದಲ್ಲಣ್ಣ. ಅಲ್ಲಿ ಜಗ್ಗಾಟ ಕಡಿಮಿ. ಕೀಲಿನ ಬಾಜೂಕಿರೋ ಸಣ್ಣದು ನೋಡು.”

“ಈಗ ಸಣ್ಣದಾತೇನು?”

ಮಸ್ತಾನಸಾಬ ದೊಡ್ಡದನ್ನೇ ಸೀಳಿದ. ಒಳಗೆ ಗಟ್ಟಿ ಕಬ್ಬಿಣ ಬೆಳ್ಳಗೆ ಹೊಳೆಯಿತು. ಜನ ನಕ್ಕರು. ಯಾರೋ ಅವಳ ಕಾಲ ಬಳಿ ಉಗುಳಿದರು. ಈ ಮಂದಿಯ ಕಣ್ಣೆದುರೇ ಗೇಟು ಕುಸಿದುಬಿದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಹಾಗನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

“ಮಸ್ತಾನಣ್ಣ, ಆ ಸಣ್ಣದು ಕೊಯ್ರಿ.”

ಅವನು ಪರಮಣ್ಣನ ಮುಖ ನೋಡಿ, ಆಮೇಲೆ ಮಷೀನು ಹಚ್ಚಿದ. ಸೀಳಿದ ಜಾಗವನ್ನು ಅರಿವೆಯಿಂದ ಒರೆಸಿದ. ಕುಳಿಯ ತಳದಿಂದ ಕೂದಲೆಳೆಯಂಥ ಕಪ್ಪು ಬಿರುಕು ಸರಳಿನ ಅರ್ಧದ ತನಕ ಇಳಿದಿತ್ತು.

“ಸೀಳು ಬಿಟ್ಟೈತ್ರಿ,” ಎಂದ ಮೆಲ್ಲಗೆ. “ಇವತ್ತಿಲ್ಲ ನಾಳೆ ಕಡೀತಿತ್ತು.”

ಪರಮಣ್ಣ ಬಗ್ಗಿ ಉಗುರಿನಿಂದ ಕೆರೆದು ನೋಡಿದ. “ಕಡಿದಿಲ್ಲಲ್ಲ. ನನ್ನ ನೆಲ್ಲು ಮಾತ್ರ ಜೊಳ್ಳಾತು.”

“ಗೇಟು ಬಿದ್ದಿದ್ರ ನೀರು ಕಟ್ಟಿಕೊಂಡು ಮ್ಯಾಲಿನ ಕಾಲುವಿ ಒಡೆದು ಹಂಗಾಮೆಲ್ಲಾ ಹೋಗ್ತಿತ್ತಣ್ಣ.”

“ಬಿದ್ದಿದ್ರ ದೇವರ ಮ್ಯಾಲ ಹಾಕ್ತಿದ್ವಿ. ಈಗ ನಿನ್ನ ಮ್ಯಾಲ ಹಾಕೇವಿ.”

ಸಂಜೆ ಹೊಸ ಸರಳಿಗೆ ಗೇಟು ಎದ್ದು ನೀರು ಹರಿಯಿತು. ಮುಂದಿನ ಪಂಚಮಿಗೆ ತವರಿನಿಂದ ಕರೆ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಸುರಪುರದ ಕಡೆ ಇನ್ನೊಂದು ಗೇಟು ನೋಡಲು ಹೋದಾಗ, ಕಾವಲಿನವನು ಅವಳ ಹೆಸರು ಕೇಳಿದ್ದೇ ಗೇಟಿನ ಸುತ್ತಲ ಬೇಲಿಗೆ ಬೀಗ ಜಡಿದ. ದೇವಕಮ್ಮ ದಂಡೆಯ ಕಲ್ಲಿನ ಮೇಲೆ ಕೂತು, ಅವನ ಸಾಹೇಬರಿಗೆ ಫೋನು ಹಚ್ಚಿದಳು.