ಸಾಯೋ ಮಡಿಯ ಕಡ್ಲಿ ಬಾಯಾರು

ಮೊನ್ನೆ ಸವದತ್ತಿ ಸಂತೆಯಲ್ಲಿ ಹಸಿ ಕಡ್ಲಿ ಗಿಡದ ಕಟ್ಟೊಂದು ಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರೆ ಬೆರಳಿಗೆಲ್ಲ ಹುಳಿ ಅಂಟಿತು. ಕಡ್ಲಿ ಎಲೆಯ ಹುಳಿ ಗೊತ್ತಲ್ಲ, ಮುಟ್ಟಿದರೆ ಜಿಗುಟು, ನೆಕ್ಕಿದರೆ ಹಲ್ಲು ಚುಳ್ ಅನ್ನುತ್ತದೆ. ಯಾರೂ ನೋಡದ ಹಾಗೆ ಬೆರಳು ಬಾಯಿಗಿಟ್ಟೆ. ಉಗರಗೋಳ ಬರುವಷ್ಟರಲ್ಲಿ ಬಾಯಾರು ಪಕ್ಕದಲ್ಲೇ ಬಂದು ಕೂತಂಗಾಗಿತ್ತು...

ಊರೆಲ್ಲ ಅವರನ್ನು ಕಡ್ಲಿ ಬಾಯಾರು ಅನ್ನುತ್ತಿತ್ತು. ನೌಕರಿಯ ಹೆಂಗಸರಿಗೆ ನಮ್ಮ ಕಡೆ ಬಾಯಾರು ಅನ್ನುವುದು; ಹೊಸ ಕಡ್ಲಿ ತಳಿ ಮಾಡುವುದು ಇವರ ನೌಕರಿ. ತೊಂಬತ್ತರ ದಶಕದ ಕೊನೆ ಅದು. ನಾನು ಸುರೇಬಾನದಿಂದ ಉಗರಗೋಳಕ್ಕೆ ಸೊಸೆಯಾಗಿ ಬಂದು ಏಳೆಂಟು ವರ್ಷವಾಗಿತ್ತು. ಮೊದಲ ದಿನ ಬಂದು ಚಹಾ ಕುಡಿದವರೇ ನಮ್ಮ ಮಾವನವರನ್ನು ಕೇಳಿದರು, “ಯಜಮಾನ್ರ, ನಿಮ್ಮ ಹೊಲದಾಗ ಕಡ್ಲಿ ಎಲ್ಲಿ ಭಾಳ ಸಾಯ್ತಾವ?”

“ಬಾವಿ ಕಡೆ ಚೊಲೋ ಎರಿ ಭೂಮಿ ಐತ್ರಿ, ಅದನ್ನ ಕೊಡ್ತೇನಿ.”

“ಚೊಲೋದು ಬ್ಯಾಡ್ರಿ. ಇದ್ದುದ್ರಾಗ ಕೆಟ್ಟದ್ದು ಕೊಡ್ರಿ.”

ಮನೆಗೆ ಬಂದವರಿಗೆ ಕೆಟ್ಟದ್ದು ಕೊಟ್ಟು ಗೊತ್ತಿಲ್ಲದ ಮನುಷ್ಯ ನಮ್ಮ ಮಾವ. ಅವರಿಗೆ ಮಾರಿ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕಡೆಗೆ ಹೊಲದ ತಗ್ಗಿನ ಮೂಲೆ ತೋರಿಸಿದರು. ಅಲ್ಲಿ ಕಡ್ಲಿ ಗೇಣುದ್ದ ಬೆಳೆದು, ಹಳದಿಯಾಗಿ, ಜೋತುಬಿದ್ದು ಸಾಯುತ್ತಿತ್ತು. ಕಿತ್ತು ನೋಡಿದರೆ ಬೇರು ಕರ್ರಗೆ ಕೊಳೆತಿರುತ್ತಿತ್ತು. ಬಾಯಾರು ಆ ಬೇರನ್ನು ಬಂಗಾರದ ಸರ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು.

ರೋಗದ ನೆಲದಲ್ಲಿ ಬಿತ್ತಿದರೇ ಯಾವ ಗಿಡಕ್ಕೆ ತಾಳುವ ಶಕ್ತಿ ಇದೆ ಎಂದು ತಿಳಿಯುವುದು ಅನ್ನುತ್ತಿದ್ದರು. ಸತ್ತ ಗಿಡಗಳನ್ನು ಸುಡಗೊಡುತ್ತಿರಲಿಲ್ಲ, ಕೊಚ್ಚಿ ಅದೇ ಮಣ್ಣಿಗೆ ಸೇರಿಸುತ್ತಿದ್ದರು. “ರೋಗಕ್ಕ ಕೂಳು ಹಾಕಿ ಸಾಕ್ತಾರಲ್ಲೋ ಯವ್ವಾ!” ಎಂದು ಅತ್ತೆಯವರು ಗಲ್ಲದ ಮೇಲೆ ಕೈ ಇಟ್ಟುಕೊಂಡರು. ಆ ಮಣ್ಣು ಬೇರೆ ಕಡೆ ಹೋಗಬಾರದೆಂದು ನಾವು ಸಾಯೋ ಮಡಿ ಎಂದು ಕರೆಯುತ್ತಿದ್ದ ಆ ತುಂಡು ನೆಲದಿಂದ ಹೊರಬರುವಾಗ ಎಲ್ಲರೂ ಕಾಲು ತೊಳೆಯಬೇಕು. “ಗುಡಿಗೆ ಹೋಗುವಾಗ ತೊಳಿತೇವಿ, ಇಲ್ಲಿ ಬರುವಾಗ ತೊಳಿಬೇಕು, ಅಷ್ಟ ಫರಕು,” ಎಂದು ಮಾವನವರು ಕೊಡ ತುಂಬಿಡುತ್ತಿದ್ದರು.

ನನ್ನದು ಕಸೂತಿ ಹಾಕುವ ಕೈ ಅಂತ ಬಾಯಾರು ನನ್ನನ್ನೂ ಕೆಲಸಕ್ಕೆ ಹಚ್ಚಿದರು. ಬಾವಿ ಕಡೆಯ ಒಳ್ಳೆಯ ನೆಲದಲ್ಲಿ ಎರಡು ಜಾತಿ ಬೆಳೆಸಿದ್ದರು. ಒಂದು ನಮ್ಮ ಜವಾರಿ ಕಡ್ಲಿ, ರುಚಿ ಆದರೆ ಬೇಗ ಸಾಯುವಂಥದ್ದು. ಇನ್ನೊಂದು ಸಣ್ಣ ಕಾಳಿನ ಕಪ್ಪು ಕಡ್ಲಿ, ಏನು ಮಾಡಿದರೂ ಸಾಯದು. ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸುವುದು. ಉಸಿರು ಬಿಗಿಹಿಡಿದು ಮಾಡುತ್ತಿದ್ದೆ.

ಮರುವರ್ಷ ಆ ಬೆರಕೆ ಬೀಜದಲ್ಲಿ ಹೆಚ್ಚಿನದನ್ನು ಒಳ್ಳೆಯ ನೆಲದಲ್ಲೂ ನಾಲ್ಕು ಕಾಳನ್ನು ಸಾಯೋ ಮಡಿಯಲ್ಲೂ ಹಾಕಿದೆವು. ಮಡಿಯಲ್ಲಿದ್ದವು ನಾಲ್ಕೂ ಸತ್ತವು. ನನಗೆ ಅಳುವೇ ಬಂತು. ಬಾಯಾರು ನಕ್ಕರು. “ಗುಣ ಹೋಗಿಲ್ಲವ್ವಾ, ಅಡಗಿ ಕುಂತೈತಿ. ನಿಮ್ಮ ಅತ್ತಿಯವ್ರಿಗೆ ಬೆಕ್ಕಿನ ಕಣ್ಣು. ನಿನ್ನ ಗಂಡಗ ಬರಲಿಲ್ಲ, ಮಗಳಿಗೆ ಬಂತು. ಹೌದಿಲ್ಲೋ? ನಿನ್ನ ತವರಾಗೂ ಯಾರಿಗೋ ಇರಬೇಕು ನೋಡು. ಎರಡೂ ಕಡಿಯಿಂದ ಬಂದು ಕೂಡಿದ್ರನ ಅದು ಹೊರಗ ಬೀಳ್ತೈತಿ.”

“ನಮ್ಮ ಅಜ್ಜಗಿತ್ರಿ,” ಅಂದೆ.

ಅತ್ತೆಯವರು ಸಿಟ್ಟಾದರು. “ನನ್ನ ಕಣ್ಣು ನನ್ನ ಕಣ್ಣು ಅಂತ ಊರ ತುಂಬಾ ಹೇಳ್ಕೊಂಡು ಬಂದೇನಿ. ಈಗ ಅದರಾಗ ಅರ್ಧ ಸುರೇಬಾನದ್ದು ಅಂತೀರೇನ್ರಿ ಬಾಯಾರ?”

ಒಳ್ಳೆಯ ನೆಲದ ಗಿಡಗಳಿಂದ ಬಂದ ಬೀಜವನ್ನು ಮೂರನೆಯ ವರ್ಷ ಸಾಯೋ ಮಡಿಗೆ ಬಿತ್ತಿದೆವು. ನಾಲ್ಕರಲ್ಲಿ ಮೂರು ಸಾಯುತ್ತವೆ, ಒಂದು ನಿಲ್ಲುತ್ತದೆ ಎಂದಿದ್ದರು. ಹೆಚ್ಚುಕಡಿಮೆ ಹಾಗೇ ಆಯಿತು. ಒಣಗಿದ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಗಿಡ. ದಷ್ಟಪುಷ್ಟವಾಗಿ ನಿಂತವಕ್ಕೆಲ್ಲ ಬೀಜಕ್ಕೆಂದು ಬಾಯಾರು ಕೆಂಪು ದಾರ ಕಟ್ಟಿದರು. ಕಲ್ಲಿನ ಗುಪ್ಪೆಯ ಹಿಂದೆ ಏಳು ಸೊಣಕಲು ಗಿಡ ಇದ್ದವು. ತಡವಾಗಿ ಹುಟ್ಟಿದಂಥವು, ಇನ್ನೂ ಸಾಯಬಹುದೆಂದು ಅವಕ್ಕೆ ಕಟ್ಟಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಹಬ್ಬದ ಅಡಿಗೆಯನ್ನು ಭೂಮಿತಾಯಿಗೆಂದು ಹೊಲದ ತುಂಬ ಎರಚಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತೆವು. ಬಾಯಾರೂ ಬಂದಿದ್ದರು. ಅತ್ತೆಯವರು ಆಚೆ ಹೋಗಿ ಹಸಿ ಕಡ್ಲಿ ಕಿತ್ತು ತಂದು, ಜೋಳದ ಕಣಿಕೆಯ ಬೆಂಕಿಯಲ್ಲಿ ಸುಟ್ಟು, ಸುಲಗಾಯಿಯನ್ನು ಬಿಸಿಬಿಸಿಯಾಗಿ ಬಾಯಾರ ಮುಂದೆ ಸುರಿದರು. ಬಾಯಾರು ನಾಲ್ಕು ಕಾಯಿ ತಿಂದು ಇನ್ನೊಂದು ಟೊಂಗೆ ಎತ್ತಿಕೊಂಡರು... ಅಲ್ಲೇ ಕೈ ನಿಂತಿತು. ಟೊಂಗೆಗೆ ಅರ್ಧ ಸುಟ್ಟ ಕೆಂಪು ದಾರ.

ನನಗೂ ಕಂಡಿತು. “ಅತ್ತೀ, ಎಲ್ಲಿಂದ ಕಿತ್ರಿ?”

“ಬಾಯಾರ ಮಡಿಯಾಗಿಂದ! ಬೆಳದವರ ಬಾಯಿಗೆ ಮೊದಲ ಕಾಳು ಬೀಳಬೇಕಲ್ಲ. ದಾರ ಕಟ್ಟಿದ್ದು ಅಷ್ಟೂ ಆರಿಸಿ ತಂದೇನಿ. ಎಂಥಾ ಚೊಲೋ ಗಿಡ ಅಂತೀ!”

ಮಾವನವರ ಕೈಯಲ್ಲಿದ್ದ ರೊಟ್ಟಿ ಎಲೆಗೆ ಬಿತ್ತು. ಅವರ ಮುಖ ನೋಡಿ ಅತ್ತೆಗೆ ತಿಳಿಯಿತು. ಹಣೆ ಹಣೆ ಬಡಿದುಕೊಂಡರು. ಬಾಯಾರು ಆ ಕೈ ಹಿಡಿದುಕೊಂಡು, “ಸುಟ್ಟಾಗ್ಯಾವ್ರಿ ಅಮ್ಮಾ. ಈಗ ಉಗುಳಿದ್ರ ಹೊಳ್ಳಿ ಗಿಡಾ ಆಗ್ತಾವೇನು? ಭಾಳ ರುಚಿ ಅದಾವ, ಹಾಕ್ರಿ ಇನ್ನಷ್ಟು,” ಎಂದು ತುಟಿಯೆಲ್ಲ ಮಸಿ ಮಾಡಿಕೊಂಡು ಒಂದು ಕಾಳೂ ಬಿಡದೆ ತಿಂದರು. ನಗುತ್ತಲೇ ತಿಂದರು.

ಹೊತ್ತು ಇಳಿದಾಗ ಅವರು ಮಡಿಯ ಹತ್ತಿರ ಒಬ್ಬರೇ ನಿಂತಿದ್ದರು. ನಾನು ಹೋದೆ. “ಇನ್ನೊಂದ ಬೆಳಿ ಉಳದೈತಿ,” ಅಂದರು ನನ್ನ ಕಡೆ ನೋಡದೆ. “ಆಮ್ಯಾಲೆ ನನಗ ಬ್ಯಾರೆ ಊರಿಗೆ ವರ್ಗಾ. ಹೊಸಾದಾಗಿ ಸುರು ಮಾಡಾಕ ವ್ಯಾಳ್ಯಾ ಇಲ್ಲ.”

ಕಲ್ಲಿನ ಗುಪ್ಪೆಯ ಹಿಂದೆ ಕೈ ತೋರಿಸಿದೆ.

ಅವರು ಕುಕ್ಕರಗಾಲಲ್ಲಿ ಕೂತು ಆ ಏಳೂ ಗಿಡ ನೋಡಿದರು. ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಅಂದರು, “ಮೈ ಸೊಣಕಲ ಇದ್ರೇನು... ಇಲ್ಲಿ ಉಳದಾವಂದ್ರ ಇವಕ್ಕೂ ಎರಡೂ ಕಡಿಯಿಂದ ಬಂದಿರಬೇಕು.”

ಅಂದಿನಿಂದ ಅತ್ತೆಯವರು ಆ ಏಳು ಗಿಡಕ್ಕೆ ಮುಳ್ಳು ಬಡಿದು ಕಾವಲು ಕೂತರು. ಆಡು ಬಂದರೂ ಬೈಗಳು, ಸ್ವಂತ ಮಗ ಬಂದರೂ ಬೈಗಳು. ಏಳೂ ಬಲಿತವು. ಕಾಳೆಲ್ಲ ಸೇರಿ ಎರಡು ಬೊಗಸೆಯೂ ಆಗಲಿಲ್ಲ.

ಮರುವರ್ಷ ಒಂದೊಂದು ಗಿಡದ ಬೀಜ ಒಂದೊಂದು ಸಾಲು. ಮಧ್ಯೆ ಮಧ್ಯೆ ನಮ್ಮ ಜವಾರಿಯದೂ ಒಂದೊಂದು ಸಾಲು, ರೋಗ ಅಲ್ಲೇ ಇದೆ ಎಂಬುದಕ್ಕೆ ಸಾಕ್ಷಿ. ಜವಾರಿ ಸಾಲು ಒಣಗಿದವು. ಏಳು ಸಾಲು ಹಸಿರಾಗಿ ನಿಂತವು. ಒಂದೇ ಒಂದು ಗಿಡವೂ ಜೋಲಲಿಲ್ಲ. ಅತ್ತೆಯವರು ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದು ನೋಡಿದರು. ಬಾಯಾರು ಚೀಲ ನೆಲಕ್ಕೆಸೆದು ಅತ್ತೆಯವರ ಎರಡೂ ಕೈ ಹಿಡಿದು ಬದುವಿನ ಮೇಲೆ ಗರಗರ ಫುಗಡಿ ಆಡಿದರು! “ಆಫೀಸರ ಅದಾರ, ಬಿದ್ದಗಿದ್ದಾರು!” ಎಂದು ಮಾವನವರು ಸುತ್ತಲೂ ಓಡಾಡಿದರು. ಇಬ್ಬರೂ ಬಿದ್ದರು. ಬಿದ್ದಲ್ಲೇ ನಕ್ಕರು.

ಕಾಳು ತಗೊಂಡು ಅವರು ಹೋದರು. ಮುಂದೆ ಅದು ಇನ್ಯಾವುದೋ ತಳಿಗೆ ತಾಯಿಯಾಯಿತು ಎಂದು ಒಂದು ಕಾಗದ ಬರೆದಿದ್ದರು. ಆಮೇಲೆ ಅತ್ತೆ ಹೋದರು, ಮಾವ ಹೋದರು. ನಾನೂ ಫೋನು ಮಾಡಬೇಕು, ಮಾಡಬೇಕು ಎಂದು ವರ್ಷ ಕಳೆದೆ...

ಮೊನ್ನೆ ಬಸ್ಸಿಳಿದು ಬಂದವಳೇ ಹಳೆಯ ನಂಬರು ಹುಡುಕಿ ಹಚ್ಚಿದೆ. ಈ ಸಲ ಚರಗಕ್ಕೆ ಬರ್ರಿ ಎಂದು ಕರೆಯಬೇಕಿತ್ತು. ಎತ್ತಿದವರು ಅವರ ತಂಗಿ. ಬಾಯಾರು ತೀರಿಕೊಂಡು ಮೂರು ತಿಂಗಳಾಗಿತ್ತು. ಉಗರಗೋಳದಿಂದ ಎಂದಷ್ಟೇ ಅಂದೆ.

“ಉಗರಗೋಳಾ?” ಆಕೆಯ ದನಿ ಬದಲಾಯಿತು. “ನಮ್ಮಕ್ಕನ ಕಡ್ಲಿ ನಮ್ಮಕ್ಕಗ ಸುಟ್ಟು ತಿನ್ನಿಸಿದವ್ರು ನೀವ ಏನ್ರಿ?”

“ಹೌದ್ರಿ,” ಅಂದೆ. ಆ ಕಡೆ ಅವರು ನಕ್ಕರು, ಈ ಕಡೆ ನಾನು ನಕ್ಕೆ. ತಡೆಯಲು ಆಗಲೇ ಇಲ್ಲ. ನಗು ನಿಂತ ಮೇಲೂ ಇಡಲಿಕ್ಕೆ ಮನಸ್ಸಾಗದೆ ಇಬ್ಬರೂ ಫೋನು ಹಿಡಿದುಕೊಂಡೇ ಕೂತೆವು.